ಸಿಡ್ನಿಗೆ ಹೊಸದಾಗಿ ಬಂದವರಿಗೆ: ಜೇಮ್ಸ್ ರೂಸ್ ಅಂದ್ರೆ ಏನು, ಅಷ್ಟೊಂದು ಹೆಸರು ಯಾಕೆ

ನಿಮಗೆ ಪ್ರೈಮರಿ ಶಾಲೆಗೆ ಹೋಗೋ ಮಗು ಇದೆ ಅಂತ ಗೊತ್ತಾದರೆ ಸಾಕು, ಸಂಘದ ಯುಗಾದಿ ಊಟದ ಸಾಲಿನಲ್ಲಿ ನಿಮ್ಮ ಹಿಂದೆ ನಿಂತವರು ಶುರು ಮಾಡುತ್ತಾರೆ. ಮೊದಲು "ಯಾವ ಊರು?" ಆಮೇಲೆ "ಓಸಿ ಬರೆಸ್ತೀರಾ?" (ಚುರುಕು ಮಕ್ಕಳ ಆಪರ್ಚುನಿಟಿ ಕ್ಲಾಸಿಗೆ ಸೇರೋ ಪರೀಕ್ಷೆ ಅದು.) ಅದರ ಹಿಂದೆಯೇ "ಕೋಚಿಂಗ್ ಎಲ್ಲಿ?" ಕೋಸಂಬರಿ ಬಡಿಸೋ ಹೊತ್ತಿಗೆ ಜೇಮ್ಸ್ ರೂಸ್ ಅನ್ನೋ ಹೆಸರು ಬಂದೇ ಬಂದಿರುತ್ತೆ. ಹೇಳೋರ ಮುಖದಲ್ಲಿ ಭಕ್ತಿ ಬೇರೆ. ಹೊಸಬರು ಅರ್ಥವಾದವರ ಹಾಗೆ ತಲೆ ಆಡಿಸಿ ಮನೆಗೆ ಬಂದು ಗೂಗಲ್ ಮಾಡುತ್ತಾರೆ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಜೇಮ್ಸ್ ರೂಸ್ ಒಂದು ಸರ್ಕಾರಿ ಹೈಸ್ಕೂಲು. ಖಾಸಗಿ ಅಲ್ಲ, ಡೊನೇಷನ್ ಇಲ್ಲ, ಇಲ್ಲಿನ ನಿವಾಸಿಗಳಿಗೆ ಟ್ಯೂಷನ್ ಫೀಸೂ ಇಲ್ಲ. ಯೂನಿಫಾರ್ಮ್, ಕ್ಯಾಂಪು, ಶಾಲೆ ಕೇಳುವ ಐಚ್ಛಿಕ ವಂತಿಗೆ, ಇಷ್ಟೇ ಖರ್ಚು. ನಮ್ಮ ಕಡೆ ಸರ್ಕಾರಿ ಶಾಲೆ ಅಂದರೆ ಮನಸ್ಸಿಗೆ ಬರೋ ಚಿತ್ರ ಬೇರೆ, ಅದನ್ನು ಇಲ್ಲಿ ಪಕ್ಕಕ್ಕಿಡಿ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಪ್ರವೇಶ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಹೈಸ್ಕೂಲುಗಳು ಸುಮಾರು 47 ಇವೆ. ಇವಕ್ಕೆ ಸೆಲೆಕ್ಟಿವ್ ಶಾಲೆ ಅಂತ ಹೆಸರು, ಜೇಮ್ಸ್ ರೂಸ್ ಅವುಗಳಲ್ಲಿ ಒಂದು. ಕೆಲವು ಪೂರ್ತಿ ಸೆಲೆಕ್ಟಿವ್, ಕೆಲವು ಅರ್ಧ. ಏಳನೇ ತರಗತಿಗೆ ಎಲ್ಲ ಸೇರಿ 4200ರ ಆಸುಪಾಸು ಸೀಟು, ಬರೆಯೋರು 15,000ಕ್ಕಿಂತ ಜಾಸ್ತಿ.

ಈ ಪದ್ಧತಿ ಹಳೆಯದು. ಫೋರ್ಟ್ ಸ್ಟ್ರೀಟ್ ಶಾಲೆ ಶುರುವಾಗಿದ್ದು 1849ರಲ್ಲಿ, ಸಿಡ್ನಿ ಬಾಯ್ಸ್ ಮತ್ತು ಸಿಡ್ನಿ ಗರ್ಲ್ಸ್ 1883ರಲ್ಲಿ. ಆಗೆಲ್ಲ ಹೈಸ್ಕೂಲಿಗೆ ಹೋಗೋದೇ ಆರಿಸಿದ ಕೆಲವರು. 1962ರಲ್ಲಿ ವಿಂಡಮ್ ಯೋಜನೆ ಜಾರಿಗೆ ಬಂತು. ಬಡಾವಣೆಯ ಎಲ್ಲ ಮಕ್ಕಳಿಗೂ ಬಡಾವಣೆಯ ಹೈಸ್ಕೂಲು ಅನ್ನೋದು ಅದರ ಲೆಕ್ಕ. ಸೆಲೆಕ್ಟಿವ್ ಶಾಲೆಗಳು ಒಂದೊಂದಾಗಿ ಕಡಿಮೆ ಆದವು. ಮತ್ತೆ ಗಾಳಿ ತಿರುಗಿದ್ದು 1988ರಲ್ಲಿ ನಿಕ್ ಗ್ರೈನರ್ ಸರ್ಕಾರ ಬಂದ ಮೇಲೆ. ಟೆರ್ರಿ ಮೆಥರೆಲ್ ಶಿಕ್ಷಣ ಮಂತ್ರಿ ಆಗಿದ್ದ ಕಾಲ ಅದು, ಆಗ ಹೊಸ ಸೆಲೆಕ್ಟಿವ್ ಶಾಲೆಗಳು ಹುಟ್ಟಿಕೊಂಡವು.

ಜೇಮ್ಸ್ ರೂಸ್ ಕಥೆ ಇದರಿಂದ ಸ್ವಲ್ಪ ಬೇರೆ. ಅದು ಶುರುವಾಗಿದ್ದು 1959ರಲ್ಲಿ, ಕೃಷಿ ಹೈಸ್ಕೂಲಾಗಿ. ಪೂರ್ತಿ ಹೆಸರು ಈಗಲೂ ಜೇಮ್ಸ್ ರೂಸ್ ಅಗ್ರಿಕಲ್ಚರಲ್ ಹೈಸ್ಕೂಲ್ ಅಂತಲೇ ಇದೆ. ಶಾಲೆ ಇರೋ ಕಾರ್ಲಿಂಗ್‌ಫೋರ್ಡ್ ಆ ಕಾಲಕ್ಕೆ ಹಣ್ಣಿನ ತೋಟಗಳ ಊರು. ಹರ್ಲ್‌ಸ್ಟೋನ್, ಯಾಂಕೋ, ಫ್ಯಾರರ್ ಶಾಲೆಗಳ ಜೊತೆಗೆ ಇದು ರಾಜ್ಯದ ನಾಲ್ಕನೇ ಕೃಷಿ ಹೈಸ್ಕೂಲು. ಮೊದಲು ಗಂಡು ಹುಡುಗರಿಗೆ ಮಾತ್ರ, ಹುಡುಗಿಯರನ್ನು ಸೇರಿಸಿಕೊಳ್ಳೋಕೆ ಶುರು ಮಾಡಿದ್ದು 1977ರಲ್ಲಿ. ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ, ಗೆಸ್ಟಾ ನಾನ್ ವೆರ್ಬಾ. ಮಾತಲ್ಲ, ಕೆಲಸ ಅಂತ. ಡಾಕ್ಟರ್ ಆಗಬೇಕು ಅಂತ ಸೇರಿದ ಮಗು ಕೂಡ ಮೊದಲ ಕೆಲವು ವರ್ಷ ಕೃಷಿ ಪಾಠ ಓದಲೇಬೇಕು, ಶಾಲೆಯ ಹೊಲಕ್ಕೆ ಇಳಿಯಲೇಬೇಕು. ಮಂಡ್ಯ ಕಡೆ ಗದ್ದೆ ಮಾರಿ ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ ಅಜ್ಜಂದಿರು ಇದನ್ನು ಕೇಳಿದರೆ ಏನನ್ನುತ್ತಾರೋ!

ಈ ಜೇಮ್ಸ್ ರೂಸ್ ಯಾರು ಅಂತ ಕೇಳಿದರೆ, ಮಕ್ಕಳನ್ನು ಅಲ್ಲಿಗೆ ಸೇರಿಸೋಕೆ ಒದ್ದಾಡುವ ಅಪ್ಪ ಅಮ್ಮಂದಿರಲ್ಲಿ ಅರ್ಧಕ್ಕರ್ಧ ಜನಕ್ಕೆ ಗೊತ್ತಿರಲ್ಲ. ಯಾರೋ ವಿಜ್ಞಾನಿ ಇರಬೇಕು ಅಂದುಕೊಂಡಿರುತ್ತಾರೆ. ಆತ ಇಂಗ್ಲೆಂಡಿನ ಕಾರ್ನ್‌ವಾಲ್‌ನವನು, ಕಳ್ಳತನದ ಕೇಸಲ್ಲಿ ಗಲ್ಲು ಶಿಕ್ಷೆ ಆಗಿ, ಅದು ಗಡಿಪಾರಿಗೆ ಇಳಿದು, 1788ರಲ್ಲಿ ಮೊದಲ ಹಡಗುಗಳ ಜೊತೆ ಇಲ್ಲಿಗೆ ಬಂದಿಳಿದ ಕೈದಿ. ವಸಾಹತಿನಲ್ಲಿ ಊಟಕ್ಕೇ ಗತಿ ಇಲ್ಲದ ಕಾಲ. ಒಂದು ಕುಟುಂಬ ಇಲ್ಲಿನ ಮಣ್ಣಲ್ಲಿ ಬೆಳೆದು ತಾನೇ ಹೊಟ್ಟೆ ಹೊರೆಯಬಹುದಾ ಅಂತ ನೋಡೋಕೆ ಗವರ್ನರ್ ಫಿಲಿಪ್ 1789ರಲ್ಲಿ ಅವನಿಗೆ ಈಗಿನ ಪ್ಯಾರಮಟ್ಟಾದಲ್ಲಿ ಜಮೀನು ಕೊಟ್ಟರು. ಮೂಲನಿವಾಸಿಗಳಾದ ಬರಮಟ್ಟಗಲ್ ಜನರ ನೆಲ ಅದು, ಅವರನ್ನು ಯಾರೂ ಕೇಳಲಿಲ್ಲ. ಬೆಳೆ ಬಂತು, 30 ಎಕರೆ ಅವನ ಹೆಸರಿಗಾಯಿತು. ವಸಾಹತಿನ ಮೊದಲ ಭೂ ಮಂಜೂರಾತಿ ಅದೇ. ಆ ಜಾಗಕ್ಕೆ ಈಗಲೂ ಎಕ್ಸ್‌ಪೆರಿಮೆಂಟ್ ಫಾರ್ಮ್ ಅಂತ ಹೆಸರು, ಹ್ಯಾರಿಸ್ ಪಾರ್ಕಿಗೆ ದೋಸೆ ತಿನ್ನೋಕೆ ಹೋದಾಗ ನಡೆದೇ ನೋಡಿ ಬರಬಹುದು. ಅವನು ತೀರಿಕೊಂಡಿದ್ದು 1837ರಲ್ಲಿ. ಸಮಾಧಿ ಕಲ್ಲಿನ ಬರಹವನ್ನು ತಾನೇ ಕೆತ್ತಿಕೊಂಡಿದ್ದ ಅನ್ನುತ್ತಾರೆ. ಮೊದಲ ಧಾನ್ಯ ಬಿತ್ತಿದವನು ನಾನು ಅಂತ ಅದರಲ್ಲಿದೆ. 'ಫಸ್ಟ್' ಅನ್ನೋ ಪದದಲ್ಲಿ ಐ ಇರಬೇಕಾದ ಕಡೆ ಓ ಕೆತ್ತಿದೆ. 'ಸೋಡ್' (ಬಿತ್ತಿದೆ) ಅಂತ ಬರೆಯುವಾಗ ಇ ಅಕ್ಷರ ಮಾಯ. ತನ್ನದೇ ಹೆಸರಿನ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಪಾಪ ಅವನಿಗೆ ಸೀಟು ಕಷ್ಟ ಇತ್ತು.

ಈಗ ಹೆಸರು ಬಂದ ಬಗೆ. ಹನ್ನೆರಡನೇ ತರಗತಿ ಕೊನೆಗೆ ಇಲ್ಲಿ ಎಚ್‌ಎಸ್‌ಸಿ ಅಂತ ಪಬ್ಲಿಕ್ ಪರೀಕ್ಷೆ. ಅದರ ಫಲಿತಾಂಶದಲ್ಲಿ ಜೇಮ್ಸ್ ರೂಸ್ 1996ರಿಂದ 2022ರವರೆಗೆ, ಸತತ 27 ವರ್ಷ, ರಾಜ್ಯಕ್ಕೇ ಮೊದಲು. 2023ರಲ್ಲಿ ನಾರ್ತ್ ಸಿಡ್ನಿ ಬಾಯ್ಸ್ ಅದನ್ನು ಹಿಂದೆ ಹಾಕಿತು, 2024ರಲ್ಲೂ ಅವರೇ. 2023ರ ಡಿಸೆಂಬರಿನಲ್ಲಿ ನಮ್ಮವರ ವಾಟ್ಸಾಪ್ ಗ್ರೂಪುಗಳನ್ನು ನೋಡಬೇಕಿತ್ತು, ಯಾವುದೋ ಸರ್ಕಾರ ಬಿದ್ದುಹೋದ ಹಾಗೆ.

ಆದರೆ ಈ ರ‍್ಯಾಂಕ್ ಏನನ್ನು ಅಳೆಯುತ್ತೆ ಅನ್ನೋದು ಮುಖ್ಯ. ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ ರಿಸಲ್ಟ್ ಬಂದ ಮರುದಿನ ಮಕ್ಕಳ ಫೋಟೋ, ಒಟ್ಟು ಅಂಕ, ಶಾಲೆಯ ಹೆಸರು ಎಲ್ಲ ಪೇಪರಿನಲ್ಲಿ ಬರುತ್ತೆ, ಸರ್ಕಲ್ಲಿನಲ್ಲಿ ಫ್ಲೆಕ್ಸ್ ಬೀಳುತ್ತೆ. ಇಲ್ಲಿ ಹಾಗಿಲ್ಲ. 1997ರಲ್ಲಿ ಒಂದು ಪತ್ರಿಕೆ ಮೌಂಟ್ ಡ್ರೂಯಿಟ್ ಹೈಸ್ಕೂಲಿನ ಮಕ್ಕಳ ಗ್ರೂಪ್ ಫೋಟೋವನ್ನು ಮುಖಪುಟದಲ್ಲಿ ಹಾಕಿ, ಇಡೀ ತರಗತಿ ಫೇಲಾದ ಹಾಗೆ ಬರೆಯಿತು. ದೊಡ್ಡ ಗಲಾಟೆ ಆಯಿತು. ಆಮೇಲೆ ಶಾಲೆ ಶಾಲೆಯ ಪೂರ್ತಿ ಅಂಕಗಳನ್ನು ಹೋಲಿಸಿ ಹಾಕೋದಕ್ಕೆ ತಡೆ ಬಿತ್ತು. ಈಗ ಹೊರಗೆ ಸಿಗೋದು ವಿಷಯವೊಂದರಲ್ಲಿ 90 ಅಥವಾ ಅದಕ್ಕಿಂತ ಜಾಸ್ತಿ ತೆಗೆದವರ ಪಟ್ಟಿ ಮಾತ್ರ. ಒಂದು ಶಾಲೆಯ ಮಕ್ಕಳು ಬರೆದ ಒಟ್ಟು ಪರೀಕ್ಷೆಗಳಲ್ಲಿ ಎಷ್ಟು ಪಾಲು 90 ದಾಟಿವೆ ಅಂತ ಪತ್ರಿಕೆಗಳು ಲೆಕ್ಕ ಹಾಕುತ್ತವೆ, ಅದೇ ರ‍್ಯಾಂಕ್. ಒಂದು ಮಗು ಎಲ್ಲಿಂದ ಎಲ್ಲಿಗೆ ಮುಟ್ಟಿತು ಅನ್ನೋದು ಅದರಲ್ಲಿ ಕಾಣಲ್ಲ.

ಹನ್ನೊಂದು ಹನ್ನೆರಡು ವರ್ಷಕ್ಕೇ ರಾಜ್ಯದ ಚುರುಕು ಮಕ್ಕಳನ್ನು ಜರಡಿ ಹಿಡಿದು ತೆಗೆದುಕೊಂಡ ಶಾಲೆ ಆರು ವರ್ಷದ ಮೇಲೆ ಮೊದಲು ಬಂದರೆ ಅದರಲ್ಲಿ ಶಾಲೆಯ ಪಾಲು ಎಷ್ಟು, ಜರಡಿಯ ಪಾಲು ಎಷ್ಟು? ಮೇಷ್ಟ್ರುಗಳು ಒಳ್ಳೆಯವರಿದ್ದಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಹೆಸರಿನ ದೊಡ್ಡ ಭಾಗ ಬಾಗಿಲಲ್ಲೇ ತೀರ್ಮಾನ ಆಗಿರುತ್ತೆ ಅನ್ನೋದು ನನ್ನ ಅಭಿಪ್ರಾಯ. ಹೆಸರು ಇದೆ ಅಂತ ಮಕ್ಕಳು ಬರುತ್ತಾರೆ, ಮಕ್ಕಳು ಬರುತ್ತಾರೆ ಅಂತ ಹೆಸರು ಉಳಿಯುತ್ತೆ. ಮೈ ಸ್ಕೂಲ್ ಅಂತ ಸರ್ಕಾರದ ವೆಬ್‌ಸೈಟ್ ಇದೆ, ಅಲ್ಲಿ ಈ ಶಾಲೆಯ ಪುಟ ತೆಗೆದು ನೋಡಿ. ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಮಕ್ಕಳ ಮನೆಯಲ್ಲಿ ಇಂಗ್ಲಿಷ್ ಅಲ್ಲದ ಭಾಷೆಯೂ ಇದೆ. ಚೀನೀಯರು, ತಮಿಳರು, ಕೊರಿಯನ್ನರು, ತೆಲುಗರು, ನಾವು. ಹೆಚ್ಚಿನವರ ಅಪ್ಪ ಅಮ್ಮ ಓದಿದವರು, ಒಳ್ಳೆ ಕೆಲಸದಲ್ಲಿ ಇರೋರು. ಸರ್ಕಾರಿ ಶಾಲೆ ಇದ್ದರೂ ಬಡವರ ಮಕ್ಕಳು ಕಡಿಮೆ. ಈ ದೂರು ಜಾಸ್ತಿ ಆದ್ದರಿಂದ ಈಗ ಸೆಲೆಕ್ಟಿವ್ ಶಾಲೆಗಳಲ್ಲಿ 20 ಪರ್ಸೆಂಟ್‌ವರೆಗೆ ಸೀಟುಗಳನ್ನು ಹಿಂದುಳಿದ ಕುಟುಂಬ, ಮೂಲನಿವಾಸಿ, ದೂರದ ಹಳ್ಳಿ ಕಡೆಯ ಮತ್ತು ಅಂಗವೈಕಲ್ಯ ಇರುವ ಮಕ್ಕಳಿಗೆ ಇಟ್ಟಿದ್ದಾರೆ. ನಮ್ಮವರಲ್ಲಿ ಕೆಲವರು ಇದಕ್ಕೆ ಮೂಗು ಮುರಿಯುತ್ತಾರೆ. ಮೀಸಲಾತಿ ಚರ್ಚೆಯನ್ನು ಸೂಟ್‌ಕೇಸಲ್ಲಿ ತುಂಬಿಕೊಂಡೇ ಬಂದಿದ್ದೇವೆ, ಏನು ಮಾಡೋದು.

ಇನ್ನೊಂದು ಮಾತು ಸಿಕ್ಕಾಪಟ್ಟೆ ಓಡಾಡುತ್ತೆ. "ರೂಸ್‌ಗೆ ಹೋದರೆ ನಿಮ್ಮ ಮಗು ನೂರನೇ ರ‍್ಯಾಂಕ್ ಆಗುತ್ತೆ, ಲೋಕಲ್ ಶಾಲೆಯಲ್ಲಿ ಮೊದಲ ರ‍್ಯಾಂಕ್, ಅದೇ ವಾಸಿ" ಅಂತ. ಲೆಕ್ಕ ಅಷ್ಟು ಸರಳ ಇಲ್ಲ. ಎಚ್‌ಎಸ್‌ಸಿ ಅಂಕದಲ್ಲಿ ಅರ್ಧ ಹೊರಗಿನ ಪರೀಕ್ಷೆಯದು, ಅರ್ಧ ಶಾಲೆಯ ಅಸೆಸ್‌ಮೆಂಟಿನದು. ಶಾಲೆ ಕೊಟ್ಟ ಅಂಕವನ್ನು ಹಾಗೇ ತೆಗೆದುಕೊಳ್ಳಲ್ಲ, ಆ ಶಾಲೆಯ ಮಕ್ಕಳು ಹೊರಗಿನ ಪರೀಕ್ಷೆಯಲ್ಲಿ ಹೇಗೆ ಮಾಡಿದರು ಅಂತ ನೋಡಿ ಅದಕ್ಕೆ ಸರಿಹೊಂದಿಸುತ್ತಾರೆ. ಗಟ್ಟಿ ಗುಂಪಿನಲ್ಲಿ ಹಿಂದೆ ಇದ್ದ ಮಾತ್ರಕ್ಕೆ ಅಂಕ ಮುಳುಗಲ್ಲ. ಸೆಲೆಕ್ಟಿವ್ ಅನ್ನೋ ಕಾರಣಕ್ಕೆ ಬೋನಸ್ ಅಂಕವೂ ಸಿಗಲ್ಲ. ಪ್ರಶ್ನೆ ಇರೋದು ಮಗುವಿನ ಮನಸ್ಸಿನದು. ಪ್ರೈಮರಿಯಲ್ಲಿ ಸದಾ ಮೊದಲು ಬರುತ್ತಿದ್ದ ಮಗುವಿಗೆ ಸುತ್ತ ಎಲ್ಲರೂ ಹಾಗೇ ಬಂದವರು ಅಂತ ಗೊತ್ತಾದಾಗ ಕೆಲವರು ಅರಳುತ್ತಾರೆ, ಕೆಲವರು ಮುದುಡುತ್ತಾರೆ. ನಿಮ್ಮ ಮಗು ಯಾವ ಥರ ಅಂತ ಕೋಚಿಂಗ್‌ನವರಿಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತೆ, ಅಲ್ವಾ?

ಸರಿ, ಸೇರಿಸಬೇಕು ಅಂತಲೇ ಇದ್ದರೆ ಮೊದಲು ವೀಸಾ ನೋಡಿಕೊಳ್ಳಿ. ಸೀಟು ಸಿಗಬೇಕು ಅಂದರೆ ಮಗು ಪಿಆರ್ (ಕಾಯಂ ನಿವಾಸಿ) ಅಥವಾ ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಪ್ರಜೆ ಆಗಿರಬೇಕು. ಕಂಪನಿ ವೀಸಾದಲ್ಲಿ ಬಂದವರು ಇದನ್ನು ತಿಳಿಯದೆ ವರ್ಷಗಟ್ಟಲೆ ಕೋಚಿಂಗಿಗೆ ದುಡ್ಡು ಸುರಿಯೋದನ್ನು ನೋಡಿದ್ದೇನೆ. ಪಿಆರ್ ಅರ್ಜಿ ಹಾಕಿ ಕಾಯುತ್ತಿದ್ದರೆ ಏನು ಮಾಡಬೇಕು ಅಂತ ಶಿಕ್ಷಣ ಇಲಾಖೆಯ ಸೈಟಿನಲ್ಲೇ ಓದಿ, ಗೆಳೆಯರ ಮಾತು ಕೇಳಬೇಡಿ, ನನ್ನದೂ ಬೇಡ.

ಆಮೇಲೆ ಕ್ಯಾಲೆಂಡರ್. ಇಲ್ಲಿ ಶಾಲೆ ಜನವರಿ ಕೊನೆಗೆ ಶುರು. ಪರೀಕ್ಷೆ ಆರನೇ ತರಗತಿಯ ಮೇ ತಿಂಗಳಲ್ಲಿ, ಆದರೆ ಅರ್ಜಿ ಸಾಮಾನ್ಯವಾಗಿ ಹಿಂದಿನ ನವೆಂಬರಿಗೆ ತೆರೆದು ಫೆಬ್ರವರಿಗೆ ಮುಚ್ಚುತ್ತೆ. ಅಂದರೆ ಬೆಂಗಳೂರಿನಲ್ಲಿ ವಾರ್ಷಿಕ ಪರೀಕ್ಷೆ ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಬಂದಿಳಿಯೋ ಮಗುವಿಗೆ ಆಗಲೇ ಬಾಗಿಲು ಹಾಕಿರುತ್ತೆ. ಓಸಿ ಅನ್ನೋದು ಐದು ಮತ್ತು ಆರನೇ ತರಗತಿಗೆ, ಅದರ ಪರೀಕ್ಷೆ ನಾಲ್ಕನೇ ತರಗತಿಯಲ್ಲಿ. ಅದು ಸಿಗಲಿಲ್ಲ ಅಂದರೆ ಸೆಲೆಕ್ಟಿವ್ ಮುಗಿಯಿತು ಅಂತೇನೂ ಇಲ್ಲ.

ಪತ್ರಿಕೆ ನಾಲ್ಕು: ಓದು, ಗಣಿತ, ಥಿಂಕಿಂಗ್ ಸ್ಕಿಲ್ಸ್, ಬರವಣಿಗೆ. ನಾಲ್ಕಕ್ಕೂ ಸಮ ತೂಕ. ಗಣಿತದಲ್ಲಿ ನಮ್ಮ ಮಕ್ಕಳು ಹೇಗೋ ದಾಟಿಕೊಳ್ಳುತ್ತಾರೆ. ಎಡವೋದು ಬರವಣಿಗೆಯಲ್ಲಿ. ಅರ್ಧ ಗಂಟೆ, ಒಂದೇ ವಿಷಯ. ಡೈರಿ ಬರಿ ಅನ್ನಬಹುದು, ಪತ್ರ ಬರಿ ಅನ್ನಬಹುದು, ಶಾಲೆಗೆ ಹೊಸದಾಗಿ ಸೇರೋ ಮಗುವಿಗೆ ಸಲಹೆ ಬರಿ ಅನ್ನಬಹುದು. ಊರಲ್ಲಿ ಬಾಯಿಪಾಠ ಮಾಡಿದ ಪ್ರಬಂಧವನ್ನು ಇಲ್ಲಿ ಇಳಿಸಿದರೆ ಓದೋರಿಗೆ ಎರಡನೇ ಸಾಲಿಗೇ ಗೊತ್ತಾಗುತ್ತೆ. ಇದಕ್ಕೆ ಔಷಧಿ ಕೋಚಿಂಗ್ ಸೆಂಟರಿನಲ್ಲಿ ಇಲ್ಲ, ಲೈಬ್ರರಿಯಲ್ಲಿದೆ. ಕೌನ್ಸಿಲ್ ಲೈಬ್ರರಿ ಪುಕ್ಕಟೆ. ಇನ್ನು 2025ರಿಂದ ಪರೀಕ್ಷೆ ಕಂಪ್ಯೂಟರಿನಲ್ಲಿ. ಆ ಮೊದಲ ವರ್ಷ ಕೆಲವು ದೊಡ್ಡ ಕೇಂದ್ರಗಳಲ್ಲಿ ನೂಕುನುಗ್ಗಲಾಗಿ ಪೊಲೀಸರೇ ಬರಬೇಕಾಯಿತು, ಪರೀಕ್ಷೆ ಮುಂದಕ್ಕೆ ಹೋಯಿತು. ಆದ್ದರಿಂದ ಕೀಬೋರ್ಡ್ ಅಭ್ಯಾಸ ಇರಲಿ.

ಅರ್ಜಿಯಲ್ಲಿ ಮೂರು ಶಾಲೆಗಳವರೆಗೆ ಹೆಸರು ಕೊಡಬಹುದು. ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಕೊಡಿ, ಯಾಕೆಂದರೆ ಪಟ್ಟಿಯಲ್ಲಿ ಮೇಲಿರೋದು ಯಾವುದು ದಕ್ಕುತ್ತೋ ಅದೊಂದನ್ನೇ ಕೊಡುತ್ತಾರೆ. ಕಟ್ ಆಫ್ ಎಷ್ಟು ಅಂತ ಕೇಳಬೇಡಿ. ಈಗ ಮಗುವಿಗೆ ಒಟ್ಟು ಅಂಕವನ್ನೂ ಕೊಡಲ್ಲ, ಮೇಲಿನ ಹತ್ತು ಪರ್ಸೆಂಟ್, ಅದರ ಕೆಳಗೆ, ಹೀಗೆ ಗುಂಪು ಹೇಳುತ್ತಾರೆ. ಹಳೇ ಕಟ್ ಆಫ್ ಪಟ್ಟಿಗಳು ಇನ್ನೂ ಫಾರ್ವರ್ಡ್ ಆಗುತ್ತಿರುತ್ತವೆ, ಡಿಲೀಟ್ ಮಾಡಿ. ಇಲ್ಲಿ ಬಡಾವಣೆಯ ಗಡಿ ಲೆಕ್ಕಕ್ಕಿಲ್ಲ, ರಾಜ್ಯದ ಯಾವ ಮೂಲೆಯಿಂದಲೂ ಬರಬಹುದು. ಹಾಗಂತ ಸ್ಕೋಫೀಲ್ಡ್ಸ್‌ನಿಂದ ಕಾರ್ಲಿಂಗ್‌ಫೋರ್ಡಿಗೆ ಆರು ವರ್ಷ ದಿನಾ ಓಡಾಡೋದು ಸುಮ್ನೆ ಮಾತಲ್ಲ. ಅರ್ಜಿಗೆ ಮೊದಲು ಒಂದು ಸೋಮವಾರ ಬೆಳಿಗ್ಗೆ ಬಸ್ಸು, ರೈಲಿನಲ್ಲಿ ಮಗುವಿನ ಜೊತೆ ಹೋಗಿ ಬನ್ನಿ. ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್, ಟೂಂಗ್ಯಾಬಿ ಕಡೆ ಇರೋರಿಗೆ ಗಿರಾವೀನ್ ಹತ್ತಿರ, ಹಿಲ್ಸ್ ಕಡೆಯವರಿಗೆ ಬಾಲ್ಕಮ್ ಹಿಲ್ಸ್. ಎರಡೂ ಪೂರ್ತಿ ಸೆಲೆಕ್ಟಿವ್, ಎರಡೂ ಗಟ್ಟಿ ಶಾಲೆಗಳು. ಪರೀಕ್ಷೆ ಇಲ್ಲದ ಚೆರಿಬ್ರೂಕ್ ಟೆಕ್ನಾಲಜಿ, ಕಾರ್ಲಿಂಗ್‌ಫೋರ್ಡ್ ಹೈಸ್ಕೂಲುಗಳಿಗೂ ಒಳ್ಳೆ ಹೆಸರಿದೆ, ಅಲ್ಲಿಗೆ ಬೇಕಾಗಿರೋದು ಆ ಏರಿಯಾದ ಮನೆ ವಿಳಾಸ.

ಒಂದು ಬೇಜಾರಿನ ವಿಷಯ. ನಾಲ್ಕನೇ ತರಗತಿಗೆ ಬಂದ ಕೂಡಲೇ ಮಕ್ಕಳನ್ನು ವಾರಾಂತ್ಯದ ಕನ್ನಡ ತರಗತಿಯಿಂದ ಬಿಡಿಸುತ್ತಾರೆ, ಅದೇ ಹೊತ್ತಿಗೆ ಕೋಚಿಂಗ್ ಇರುತ್ತೆ ಅಂತ. ಒತ್ತಕ್ಷರ ಆಗತಾನೇ ಕೈಗೆ ಕುದುರುತ್ತಿರುತ್ತೆ. ವಾರಕ್ಕೆ ಎರಡು ಗಂಟೆಯ ಕನ್ನಡದಿಂದ ಯಾರ ಸೀಟೂ ಹೋಗಲ್ಲ.

ದೊಡ್ಡ ಮಕ್ಕಳನ್ನು ಕರೆದುಕೊಂಡು ಬಂದವರು, ಏಳು ಎಂಟನೇ ತರಗತಿ ದಾಟಿದ ಮಕ್ಕಳಿರೋರು, ನಮಗಿನ್ನು ಆಗಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಎಂಟರಿಂದ ಮೇಲಿನ ತರಗತಿಗಳಿಗೂ ಸೀಟು ಖಾಲಿ ಆದಾಗ ಪ್ರತ್ಯೇಕ ಅರ್ಜಿ ಇದೆ. ಜೇಮ್ಸ್ ರೂಸ್ ಹನ್ನೊಂದನೇ ತರಗತಿಗೂ ಹೊಸ ಮಕ್ಕಳನ್ನು ತೆಗೆದುಕೊಂಡಿದೆ. ಅದಕ್ಕೆ ಬೇರೆ ಫಾರ್ಮ್, ಬೇರೆ ತಾರೀಕು. ಹಳೇ ಮಾರ್ಕ್ಸ್ ಕಾರ್ಡುಗಳನ್ನು ಕೇಳಬಹುದು, ಊರಿಂದ ಬರುವಾಗ ಶಾಲೆಯ ಸೀಲ್ ಹಾಕಿಸಿಕೊಂಡೇ ಬನ್ನಿ. ಮಗು ಕನ್ನಡ ಮೀಡಿಯಂನಲ್ಲಿ ಓದಿದ್ದರೆ ಇಂಗ್ಲಿಷ್ ಅನುವಾದವೂ ಜೊತೆಗಿರಲಿ.