ಕಡಲ ಹಕ್ಕಿಗಳ ಪ್ರವಾಸ: ಗೋಪುರಕ್ಕಿಂತ ಮೊದಲು ಸಭೆ

ಕಡಲತೀರದಲ್ಲಿ ಪಕ್ಷಿವೀಕ್ಷಣೆ ಪ್ರವಾಸ ಶುರುಮಾಡುವವರು ಎಷ್ಟೋ ಸಲ ಮೊದಲು ವೀಕ್ಷಣಾ ಗೋಪುರ ಕಟ್ಟಿ, ಆಮೇಲೆ ಮೀನುಗಾರರನ್ನು ಕರೆಯುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು. ಹಕ್ಕಿ ಎಲ್ಲಿ ಮೇಯುತ್ತದೆ, ಎಲ್ಲಿ ತಂಗುತ್ತದೆ ಎಂಬುದು ದಿನವೂ ಕೆಸರಿಗಿಳಿಯುವವರಿಗೆ ಗೊತ್ತು.

ಮೊದಲ ಸಭೆಗೆ ಮೀನುಗಾರರು, ಚಿಪ್ಪು ಆಯುವವರು, ದೋಣಿಯವರು, ಪಕ್ಷಿವೀಕ್ಷಕರು, ಅರಣ್ಯ ಇಲಾಖೆ, ಸ್ಥಳೀಯ ಆಡಳಿತ ಎಲ್ಲರೂ ಬರಲಿ. ಇಳಿತದ ಹೊತ್ತಿಗೆ ಸಭೆ ಇಡಬೇಡಿ. ಚಿಪ್ಪು ಆಯುವವರ ದುಡಿಮೆಯ ಸಮಯ ಅದು.

ನಂತರ ನಕ್ಷೆ. ದೊಡ್ಡ ಹಾಳೆಯಲ್ಲಿ ಇಳಿತದಲ್ಲಿ ಹಕ್ಕಿ ಮೇಯುವ ಕೆಸರುಬಯಲಿಗೆ ಒಂದು ಬಣ್ಣ, ಉಬ್ಬರದಲ್ಲಿ ತಂಗುವ ದಿಬ್ಬಗಳಿಗೆ ಇನ್ನೊಂದು. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಉಬ್ಬರದಲ್ಲಿ ತಂಗುದಾಣ ಬದಲಾಗುವುದುಂಟು, ಅದನ್ನೂ ಗುರುತಿಸಿ. ಕನಿಷ್ಠ ಒಂದು ವರ್ಷ, ತಿಂಗಳಿಗೆರಡು ಬಾರಿ ಎಲ್ಲ ತಂಗುದಾಣಗಳಲ್ಲೂ ಏಕಕಾಲಕ್ಕೆ ಎಣಿಕೆ ನಡೆಯಲಿ.

ಹಕ್ಕಿಗೂ ನೋಡುಗರಿಗೂ ನಡುವೆ ಇರಬೇಕಾದ ಅಂತರವನ್ನು ಊಹಿಸಬಾರದು, ಅಳೆಯಬೇಕು. ಒಬ್ಬರು ಹಿಂಡಿನತ್ತ ನಿಧಾನವಾಗಿ ನಡೆಯಲಿ. ಹಕ್ಕಿಗಳು ಮೇವು ಬಿಟ್ಟು ತಲೆಯೆತ್ತಿದೊಡನೆ ನಿಂತು ದೂರ ಬರೆದುಕೊಂಡು ಹಿಂದಿರುಗಲಿ. ಬೇರೆಬೇರೆ ಜಾತಿಗಳ ಹಿಂಡುಗಳಲ್ಲಿ ಹೀಗೆ ನೋಡಿ, ಸರಾಸರಿಯನ್ನಲ್ಲ, ಅತಿ ಹೆಚ್ಚಿನ ದೂರವನ್ನೇ ಗಡಿಯಾಗಿಸಿ. ಬಾರ್-ಟೇಲ್ಡ್ ಗಾಡ್‌ವಿಟ್ ಎಂಬ ವಲಸೆಹಕ್ಕಿಯೊಂದು 2022ರಲ್ಲಿ ಅಲಾಸ್ಕಾದಿಂದ ಆಸ್ಟ್ರೇಲಿಯಾದ ಟಾಸ್ಮೇನಿಯಾಕ್ಕೆ ಸುಮಾರು 13,560 ಕಿ.ಮೀ. ತಡೆಯಿಲ್ಲದೆ ಹಾರಿತು. ಅಂಥ ಪಯಣಕ್ಕೆ ಕೂಡಿಟ್ಟ ಕೊಬ್ಬನ್ನು ನಾವು ಬೆದರಿಸಿ ಹಾರಿಸಿದಾಗಲೆಲ್ಲ ಹಕ್ಕಿ ವ್ಯರ್ಥವಾಗಿ ಕರಗಿಸಬೇಕಾಗುತ್ತದೆ.

ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ‘ದಿನವೂ ಬೆಳಿಗ್ಗೆ ಆರಕ್ಕೆ’ ಎಂಬ ವೇಳಾಪಟ್ಟಿ ನಡೆಯದು. ಉಬ್ಬರಕ್ಕೆ ಎರಡು ಗಂಟೆ ಮೊದಲು ಜನರನ್ನು ಕೂರಿಸಿದರೆ ನೀರೇ ಹಕ್ಕಿಗಳನ್ನು ದಡದತ್ತ ತರುತ್ತದೆ. 20–60 ಪಟ್ಟು ಹಿಗ್ಗಿಸುವ ದೂರದರ್ಶಕವೊಂದನ್ನು ಸರದಿಯಲ್ಲಿ ಬಳಸಿದರೆ ಸಾಕು. ಜನ ಮರೆಯಲ್ಲಿ ಕೂತು ನೋಡುವ ಮರೆಗೂಡು ತಗ್ಗಾಗಿರಲಿ, ಅಲ್ಲಿಗೆ ಹೋಗುವ ದಾರಿಗೂ ತಡಿಕೆ ಕಟ್ಟಿ. ಒಳಗೆ ಕೂತವರಿಗಿಂತ ದಾರಿಯಲ್ಲಿ ನಡೆದುಬರುವವರಿಗೇ ಹಕ್ಕಿ ಹೆಚ್ಚು ಬೆದರುತ್ತದೆ.

ರೀವ (ಟರ್ನ್), ಪ್ಲೋವರ್ ಎಂಬ ತೀರದ ಹಕ್ಕಿಗಳು ಬರಿಯ ಮರಳಿನ ಮೇಲೆ ಮೊಟ್ಟೆಯಿಡುತ್ತವೆ. ತಾಯಿಹಕ್ಕಿ ಎದ್ದುಹೋದರೆ ಬಿಸಿಲಿಗೆ ಮೊಟ್ಟೆ ಕೆಡುತ್ತದೆ. ಗೂಡುಕಟ್ಟುವ ಕಾಲದಲ್ಲಿ ಆ ಭಾಗಕ್ಕೆ ಹಗ್ಗದ ಬೇಲಿ ಹಾಕಿ, ಫಲಕವನ್ನು ಪ್ರವೇಶದಲ್ಲಿ ನೆಡಿ. ಗೂಡಿನ ಪಕ್ಕದ ಕಂಬ ಕಾಗೆಗೆ ಕೂರುವ ಜಾಗವಾಗುತ್ತದೆ. ನಾಯಿ, ಡ್ರೋನ್, ಹಕ್ಕಿಕೂಗಿನ ಧ್ವನಿಮುದ್ರಣ ಯಾವುದಕ್ಕೂ ಒಳಗೆ ಅವಕಾಶ ಬೇಡ.

ಕೊನೆಗೆ ಒಪ್ಪಂದವನ್ನು ಲಿಖಿತವಾಗಿ ಮಾಡಿಕೊಳ್ಳಿ: ಶುಲ್ಕದಲ್ಲಿ ಯಾರ ಪಾಲೆಷ್ಟು, ಮಾರ್ಗದರ್ಶಕರ ಸರದಿ ಹೇಗೆ, ಎಣಿಕೆಯ ಖರ್ಚು ಯಾರದು. ಒಂದು ಗಂಟೆಯಲ್ಲಿ ಹಿಂಡು ಎಷ್ಟು ಬಾರಿ ಎದ್ದರೆ ಅಂದಿನ ವೀಕ್ಷಣೆ ನಿಲ್ಲಬೇಕು, ನಿಲ್ಲಿಸುವ ಅಧಿಕಾರ ಯಾರದು ಎಂಬುದೂ ಅದರಲ್ಲಿರಲಿ. ಆ ಅಧಿಕಾರ ಟಿಕೆಟ್ ಮಾರುವವರ ಕೈಯಲ್ಲಿ ಇರಕೂಡದು.