ಅಂಡಮಾನ್ ನೋಡುವ ಕ್ರಮ: ಮೊದಲು ತಿಥಿ, ಆಮೇಲೆ ಪಟ್ಟಿ

ಅಂಡಮಾನ್‌ಗೆ ಹೊರಡುವವರು ಸಾಮಾನ್ಯವಾಗಿ ನೋಡಬೇಕಾದ ಜಾಗಗಳ ಪಟ್ಟಿಯನ್ನು ಮೊದಲು ಮಾಡಿ, ದೂರವನ್ನು ಲೆಕ್ಕ ಹಾಕಿ, ಹತ್ತಿರದ್ದನ್ನು ಬೆಳಿಗ್ಗೆಗೂ ದೂರದ್ದನ್ನು ಮಧ್ಯಾಹ್ನಕ್ಕೂ ಹಂಚುತ್ತಾರೆ. ಬೆಟ್ಟ, ದೇವಾಲಯ, ಜಲಪಾತಗಳ ಊರಿನಲ್ಲಿ ಈ ಕ್ರಮ ಸರಿ. ದ್ವೀಪದಲ್ಲಿ ಮಾತ್ರ ಇದು ಕೈಕೊಡುತ್ತದೆ. ಇಲ್ಲಿ ಒಂದು ಜಾಗ ಬೆಳಿಗ್ಗೆ ಹತ್ತಕ್ಕೆ ಒಂದು ರೂಪದಲ್ಲಿದ್ದರೆ ಸಂಜೆ ನಾಲ್ಕಕ್ಕೆ ಇನ್ನೊಂದು ರೂಪದಲ್ಲಿರುತ್ತದೆ. ಕೆಲವು ಜಾಗಗಳಂತೂ ದಿನದ ಅರ್ಧ ಭಾಗ ನೀರಿನಡಿಯಲ್ಲೇ ಇರುತ್ತವೆ. ಸಾವಿರಾರು ರೂಪಾಯಿ ಖರ್ಚು ಮಾಡಿ ಬಂದ ಕುಟುಂಬಗಳು ತಪ್ಪು ಹೊತ್ತಿನಲ್ಲಿ ಬಂದು, ದಡದಲ್ಲೇ ನಿಂತು ಫೋಟೊ ತೆಗೆಸಿಕೊಂಡು ಮರಳುವುದನ್ನು ಮೂರು ಪ್ರವಾಸಗಳಲ್ಲೂ ಕಂಡ ಮೇಲೆ ಈ ಕ್ರಮವನ್ನು ಬರೆದಿಡಬೇಕೆನಿಸಿತು.

ಮೊದಲ ಹೆಜ್ಜೆ: ತಿಂಗಳು

ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಹೋಗಿ. ಈ ದ್ವೀಪಗಳಿಗೆ ನೈಋತ್ಯ ಮುಂಗಾರು ಮತ್ತು ಈಶಾನ್ಯ ಹಿಂಗಾರು ಎರಡೂ ಮಳೆ ಸುರಿಸುವುದರಿಂದ ಉಳಿದ ತಿಂಗಳುಗಳಲ್ಲಿ ಕಡಲು ಕಲಕಿರುತ್ತದೆ, ಹಡಗುಗಳೂ ರದ್ದಾಗುತ್ತವೆ. ಮಳೆಗಾಲದ ರಿಯಾಯಿತಿ ಪ್ಯಾಕೇಜ್‌ಗಳ ಅಗ್ಗದ ಗುಟ್ಟು ಇಷ್ಟೇ.

ಎರಡನೆಯ ಹೆಜ್ಜೆ: ಹೆಸರುಗಳನ್ನು ಸರಿಮಾಡಿಕೊಳ್ಳುವುದು

2018ರ ಡಿಸೆಂಬರ್‌ನಲ್ಲಿ ಹ್ಯಾವ್‌ಲಾಕ್ ದ್ವೀಪವು ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪವು ಶಹೀದ್ ದ್ವೀಪವಾಯಿತು, ಪೋರ್ಟ್ ಬ್ಲೇರ್ ಎದುರಿನ ರಾಸ್ ದ್ವೀಪವು ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪವಾಯಿತು. 2024ರಲ್ಲಿ ಪೋರ್ಟ್ ಬ್ಲೇರ್‌ನ ಹೆಸರು ಶ್ರೀ ವಿಜಯಪುರಂ ಎಂದು ಬದಲಾಯಿತು. ಚಾಲಕರ ಮಾತಿನಲ್ಲಿ ಹಳೆಯ ಹೆಸರು, ಟಿಕೆಟ್‌ನಲ್ಲಿ ಹೊಸ ಹೆಸರು ಬರುವುದುಂಟು. ಇದಕ್ಕಿಂತ ದೊಡ್ಡ ಗೊಂದಲ ಇನ್ನೊಂದಿದೆ. ರಾಸ್ ಎಂಬ ಹೆಸರಿನ ದ್ವೀಪಗಳು ಎರಡು. ಬ್ರಿಟಿಷರ ಆಡಳಿತ ಕೇಂದ್ರವಾಗಿದ್ದ, ಪಾಳುಗೋಡೆಗಳನ್ನು ಮರದ ಬೇರುಗಳು ಅಪ್ಪಿ ಹಿಡಿದಿರುವ ರಾಸ್ ಪೋರ್ಟ್ ಬ್ಲೇರ್ ಎದುರಿಗೇ ಇದೆ. ಮರಳಿನ ದಾರಿಯಿಂದ ಸ್ಮಿತ್ ದ್ವೀಪಕ್ಕೆ ಕೂಡಿಕೊಳ್ಳುವ ರಾಸ್ ಇರುವುದು ಉತ್ತರದ ತುದಿಯಲ್ಲಿ, ಡಿಗ್ಲಿಪುರದ ಬಳಿ, ರಸ್ತೆಯಲ್ಲಿ ಸುಮಾರು 300 ಕಿ.ಮೀ. ಆಚೆ. ಮರಳದಾರಿಯ ಚಿತ್ರ ತೋರಿಸಿ ಎದುರಿನ ರಾಸ್‌ಗೆ ಟಿಕೆಟ್ ಮಾರುವ ಏಜೆಂಟರಿದ್ದಾರೆ, ಆದ್ದರಿಂದ ಹಣ ಕೊಡುವ ಮೊದಲು ಯಾವ ರಾಸ್ ಎಂದು ಕೇಳಿ.

ಮೂರನೆಯ ಹೆಜ್ಜೆ: ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಯೋಚಿಸುವುದು

ಅಂಡಮಾನ್‌ನಲ್ಲೂ ಭಾರತೀಯ ಕಾಲಮಾನವೇ ನಡೆಯುತ್ತದೆ. ಆದರೆ ಈ ದ್ವೀಪಗಳು ಬೆಂಗಳೂರಿಗಿಂತ ಸುಮಾರು 15 ಡಿಗ್ರಿ ಪೂರ್ವಕ್ಕಿರುವುದರಿಂದ ಸೂರ್ಯನು ಒಂದು ಗಂಟೆ ಮೊದಲೇ ಹುಟ್ಟಿ ಒಂದು ಗಂಟೆ ಮೊದಲೇ ಮುಳುಗುತ್ತಾನೆ. ಡಿಸೆಂಬರ್‌ನಲ್ಲಿ ಸಂಜೆ 5ರ ಆಸುಪಾಸಿಗೆ ಸೂರ್ಯಾಸ್ತ. ಊರಿನ ಅಭ್ಯಾಸದಂತೆ ನಾಲ್ಕೂವರೆಗೆ ಕಾಫಿ ಕುಡಿದು ಐದಕ್ಕೆ ಹೊರಟವರು ರಾಧಾನಗರ ಕಡಲತೀರವನ್ನು ತಲುಪುವ ಹೊತ್ತಿಗೆ ವಾಹನಗಳ ದೀಪ ಹೊತ್ತಿರುತ್ತದೆ. ಸೂರ್ಯಾಸ್ತ ನೋಡುವ ಜಾಗಗಳಿಗೆ, ಅಂದರೆ ಸ್ವರಾಜ್ ದ್ವೀಪದ ರಾಧಾನಗರ, ಶಹೀದ್ ದ್ವೀಪದ ಲಕ್ಷ್ಮಣಪುರ ಮತ್ತು ಪೋರ್ಟ್ ಬ್ಲೇರ್ ದಕ್ಷಿಣದ ಚಿಡಿಯಾ ಟಾಪುವಿಗೆ, ಮೂರೂವರೆಯೊಳಗೆ ತಲುಪುವುದು ಒಳಿತು.

ನಾಲ್ಕನೆಯ ಹೆಜ್ಜೆ: ಉಬ್ಬರ ಇಳಿತದ ಲೆಕ್ಕ

ಎಲ್ಲರೂ ಎಡವುವುದು ಇಲ್ಲಿ, ನಾವೂ ಎಡವಿದ್ದು ಇಲ್ಲೇ. ಮೊದಲ ಪ್ರವಾಸದಲ್ಲಿ ಶಹೀದ್ ದ್ವೀಪದ ಲಕ್ಷ್ಮಣಪುರ ಎರಡನೇ ತೀರದ ಸಹಜ ಕಲ್ಲುಸೇತುವೆಯನ್ನು ನೋಡಲು ಊಟ ಮುಗಿಸಿ ಆರಾಮಾಗಿ ಹೋದೆವು. ಮೆಟ್ಟಿಲಿಳಿದು ಹವಳದ ಕಲ್ಲುಗಳ ಮೇಲೆ ಹದಿನೈದು ನಿಮಿಷ ನಡೆಯುವಷ್ಟರಲ್ಲಿ, ಬರುವಾಗ ಒಣಗಿದ್ದ ಕಲ್ಲಿನ ಸಂದುಗಳಲ್ಲಿ ನೀರು ಹರಿಯತೊಡಗಿತ್ತು. ಸೇತುವೆಗೆ ಇನ್ನೂ ನೂರು ಹೆಜ್ಜೆ ಇರುವಾಗ ನೀರು ಮೊಣಕಾಲಿಗೆ ಬಂತು, ಜೊತೆಯಲ್ಲಿದ್ದ ನಮ್ಮ ಅತ್ತೆ ಪಾಚಿಗೆ ಜಾರಿ ಅಂಗೈ ತರಚಿಕೊಂಡರು. ಎಲ್ಲರೂ ಹಿಂದಿರುಗಿದೆವು. ಕಡಲೇನೂ ಮುನಿದಿರಲಿಲ್ಲ, ನಾವು ಇಳಿತ ಮುಗಿದ ಎರಡು ಗಂಟೆಯ ನಂತರ ಹೋಗಿದ್ದೆವು ಅಷ್ಟೆ.

ಲೆಕ್ಕ ಕಷ್ಟವಲ್ಲ. ಇಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರಕ್ಕೂ ಅದರ ಮುಂದಿನ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆಯ ಅಂತರ. ಚಂದ್ರನ ಗತಿಯಿಂದಾಗಿ ಈ ವೇಳೆಗಳು ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಇವತ್ತು ಮಧ್ಯಾಹ್ನ 1 ಗಂಟೆಗೆ ಇಳಿತವಿದ್ದರೆ ನಾಳೆ 1.50ರ ಸುಮಾರಿಗೆ, ನಾಡಿದ್ದು 2.40ರ ಸುಮಾರಿಗೆ. ಗಳಿಗೆಯ ಲೆಕ್ಕ ಬಲ್ಲವರಿಗೆ ಇನ್ನೂ ಸುಲಭ: ಒಂದು ಗಳಿಗೆಗೆ 24 ನಿಮಿಷ, ಆದ್ದರಿಂದ ಒಂದು ತಿಥಿ ಮುಂದೆ ಹೋದರೆ ಇಳಿತವು ಹೆಚ್ಚುಕಡಿಮೆ ಎರಡು ಗಳಿಗೆ ಮುಂದೆ ಹೋಗುತ್ತದೆ.

ನೀರು ಎಷ್ಟು ಇಳಿಯುತ್ತದೆ ಎಂಬುದನ್ನೂ ತಿಥಿಯೇ ಹೇಳುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ನಂತರದ ಎರಡು ಮೂರು ದಿನ ಸೂರ್ಯ ಚಂದ್ರರ ಸೆಳೆತ ಒಂದುಗೂಡಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಪೋರ್ಟ್ ಬ್ಲೇರ್ ಸುತ್ತಮುತ್ತ ಆ ದಿನಗಳಲ್ಲಿ ಏರಿಳಿತದ ಅಂತರ ಸುಮಾರು 2 ಮೀಟರ್. ಅಷ್ಟಮಿಯ ಆಸುಪಾಸಿನಲ್ಲಿ ನೀರು ಅಲ್ಲಲ್ಲೇ ತೂಗಾಡುತ್ತದೆ, ಇಳಿತ ಬಂದರೂ ಕಲ್ಲುಗಳು ಪೂರ್ತಿ ಬಯಲಾಗುವುದಿಲ್ಲ. ವಿಮಾನದ ಟಿಕೆಟ್ ಕಾಯ್ದಿರಿಸುವ ಮೊದಲು ಗೋಡೆಯ ಕ್ಯಾಲೆಂಡರ್ ತೆಗೆದು, ಶಹೀದ್ ದ್ವೀಪದಲ್ಲಿ ಉಳಿಯುವ ದಿನಗಳು ಹುಣ್ಣಿಮೆಯ ಅಥವಾ ಅಮಾವಾಸ್ಯೆಯ ಬೆನ್ನಿಗೇ ಬರುವಂತೆ ನೋಡಿಕೊಳ್ಳಿ. ಇದೊಂದನ್ನು ಮಾಡಿದರೆ ಅರ್ಧ ಕೆಲಸ ಮುಗಿದಂತೆ.

ನಿಖರವಾದ ವೇಳೆಗೆ ಮಾತ್ರ ಪಂಚಾಂಗ ಸಾಲದು. ಭಾರತೀಯ ಸರ್ವೇಕ್ಷಣ ಇಲಾಖೆ ಪ್ರತಿವರ್ಷ ಉಬ್ಬರ ಇಳಿತದ ಕೋಷ್ಟಕ ಪ್ರಕಟಿಸುತ್ತದೆ, ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯೂ ಮುನ್ಸೂಚನೆ ಕೊಡುತ್ತದೆ. ಕೋಷ್ಟಕದಲ್ಲಿ ವೇಳೆಯ ಪಕ್ಕದಲ್ಲಿ ಮೀಟರ್‌ಗಳಲ್ಲಿ ಒಂದು ಅಂಕಿ ಇರುತ್ತದೆ. ಅದು ನೀವು ನಿಲ್ಲುವ ಜಾಗದ ಆಳವಲ್ಲ, ನಕ್ಷೆಗಾಗಿ ಗೊತ್ತುಮಾಡಿಕೊಂಡ ಒಂದು ತಳಮಟ್ಟದಿಂದ ನೀರು ಎಷ್ಟು ಮೇಲಿದೆ ಎಂಬ ಲೆಕ್ಕ. ಇಳಿತದ ಎದುರಿನ ಅಂಕಿ ಸೊನ್ನೆಗೆ ಹತ್ತಿರವಾದಷ್ಟೂ ಕಲ್ಲುಸೇತುವೆಗೆ ಒಳ್ಳೆಯ ದಿನ. ಯಾವುದೋ ಬಂದರಿನ ಕೋಷ್ಟಕವನ್ನು ಎಲ್ಲ ಕಡೆಗೂ ಅನ್ವಯಿಸುವ ಉಚಿತ ಆ್ಯಪ್‌ಗಳಿವೆ, ಮೇಲ್ಗಡೆ ಪೋರ್ಟ್ ಬ್ಲೇರ್ ಎಂಬ ಹೆಸರಿಲ್ಲದಿದ್ದರೆ ಅವನ್ನು ನಂಬಬೇಡಿ.

ಇನ್ನೊಂದು ಸೂಕ್ಷ್ಮ. ನೀರು ಆರು ಗಂಟೆಯುದ್ದಕ್ಕೂ ಒಂದೇ ವೇಗದಲ್ಲಿ ಏರುವುದಿಲ್ಲ. ನಾವಿಕರು ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿ, ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಿಗೆ ಮೂರು ಮೂರು, ಆಮೇಲೆ ಎರಡು, ಒಂದು ಎಂದು ಎಣಿಸುತ್ತಾರೆ. ಅಂತರ 2 ಮೀಟರ್ ಇರುವ ದಿನ ಮೊದಲ ಗಂಟೆಯಲ್ಲಿ ಏರುವುದು ಒಂದು ಗೇಣಿಗಿಂತಲೂ ಕಡಿಮೆ. ಅದನ್ನು ಕಂಡು ಧೈರ್ಯ ತಂದುಕೊಂಡು ನಿಂತವರಿಗೆ ಮೂರನೆಯ ಗಂಟೆಯೊಂದರಲ್ಲೇ ಅರ್ಧ ಮೀಟರ್ ಏರುವುದರ ಅಂದಾಜು ಇರುವುದಿಲ್ಲ. ಆದ್ದರಿಂದ ಕೋಷ್ಟಕದಲ್ಲಿರುವ ಇಳಿತದ ವೇಳೆಗಿಂತ ಒಂದೂವರೆ ಗಂಟೆ ಮೊದಲೇ ಸೇತುವೆಯತ್ತ ನಡೆಯಲು ತೊಡಗಬೇಕು, ನೀರು ತಿರುಗಿದ ಅರ್ಧ ಗಂಟೆಯೊಳಗೆ ವಾಪಸು ಹೊರಡಬೇಕು. ಬೇಗ ಹೋದವರಿಗೆ ಲಾಭವೂ ಇದೆ: ಇಳಿದ ನೀರು ಬಿಟ್ಟುಹೋದ ಹೊಂಡಗಳಲ್ಲಿ ಕಡಲಸೌತೆ, ನಕ್ಷತ್ರಮೀನು, ತುಟಿಯಂಚಿನಲ್ಲಿ ನೀಲಿ ಹೊಳೆಯುವ ದೊಡ್ಡ ಚಿಪ್ಪುಗಳು ಕಣ್ಣೆದುರಿಗೇ ಇರುತ್ತವೆ. ಇವುಗಳಲ್ಲಿ ಯಾವುದನ್ನೂ ಮುಟ್ಟಬೇಡಿ. ಹವಾಯಿ ಚಪ್ಪಲಿಯಲ್ಲಿ ಈ ಕಲ್ಲುಗಳ ಮೇಲೆ ಕಾಲಿಡುವುದೇ ತಪ್ಪು, ಹಿಮ್ಮಡಿಗೆ ಪಟ್ಟಿಯಿರುವ ರಬ್ಬರ್ ಅಡಿಯ ಸ್ಯಾಂಡಲ್ ಬೇಕು.

ಐದನೆಯ ಹೆಜ್ಜೆ: ಜಾಗಗಳನ್ನು ನೀರಿಗೆ ಹೊಂದಿಸುವುದು

ಈಗ ಪಟ್ಟಿಯನ್ನು ಕೈಗೆತ್ತಿಕೊಳ್ಳಬಹುದು. ಕಲ್ಲುಸೇತುವೆಗೂ, ಡಿಗ್ಲಿಪುರದ ರಾಸ್–ಸ್ಮಿತ್ ಮರಳದಾರಿಗೂ ಇಳಿತ ಬೇಕೇ ಬೇಕು. ಶಹೀದ್ ದ್ವೀಪದ ಭರತ್‌ಪುರ ತೀರದಲ್ಲಿ ಇದಕ್ಕೆ ತಿರುವುಮುರುವು: ಇಳಿತದಲ್ಲಿ ಅಲ್ಲಿ ನೀರು ತೆಳುವಾಗಿ ಹವಳದ ಕಲ್ಲುಗಳು ಕಾಲಿಗೆ ತಗಲುತ್ತವೆ, ಈಜಲು ನೀರು ತುಂಬಿರಬೇಕು. ಅಂದರೆ ಒಂದೇ ದಿನದಲ್ಲಿ ಭರತ್‌ಪುರವನ್ನೂ ಸೇತುವೆಯನ್ನೂ ಸರಿಯಾಗಿ ನೋಡಲು ಅವೆರಡರ ನಡುವೆ ಕೆಲವು ಗಂಟೆಗಳ ಅಂತರ ತಾನಾಗಿಯೇ ಬೀಳುತ್ತದೆ. ಪೋರ್ಟ್ ಬ್ಲೇರ್‌ನಿಂದ ಬೆಳಿಗ್ಗೆ ಬಂದು ಸಂಜೆ ಮರಳುವ ಒಂದು ದಿನದ ಪ್ಯಾಕೇಜ್ ಕೆಡುವುದು ಈ ಕಾರಣಕ್ಕೇ. ಶಹೀದ್ ದ್ವೀಪದಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕು, ಎರಡಾದರೆ ಸೀತಾಪುರ ತೀರದ ಸೂರ್ಯೋದಯವೂ ಸಿಗುತ್ತದೆ.

2004ರಲ್ಲಿ ಟೈಮ್ ಪತ್ರಿಕೆಯು ಏಷ್ಯಾದ ಅತ್ಯುತ್ತಮ ಕಡಲತೀರವೆಂದು ಕರೆದ ರಾಧಾನಗರಕ್ಕೆ ಈ ಕಟ್ಟುಪಾಡಿಲ್ಲ. ಮರಳು ಅಗಲವಾಗಿದೆ, ಹಿಂದೆಯೇ ಎತ್ತರದ ಕಾಡಿದೆ, ಯಾವ ಹೊತ್ತಿಗೂ ಚೆಂದ. ಆದರೆ ಅದೇ ತೀರದ ಒಂದು ಬದಿಗಿರುವ ನೀಲ್ಸ್ ಕೋವ್ ಎಂಬ ನಿಂತ ನೀರಿನ ಮೂಲೆಯಲ್ಲಿ ಮಾತ್ರ ಇಳಿಯಬಾರದು. 2010ರಲ್ಲಿ ಅಲ್ಲಿ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾಗಿದ್ದಾರೆ. ನೀರು ಎಷ್ಟು ಶಾಂತವಾಗಿ ಕಂಡರೂ ಎಚ್ಚರಿಕೆಯ ಫಲಕವನ್ನು ಓದಿ ಪಾಲಿಸಿ.

ದಕ್ಷಿಣ ಅಂಡಮಾನ್‌ನಲ್ಲಿ ಒಂದು ಅರ್ಧ ದಿನ ಉಳಿದರೆ ವಂಡೂರಿಗೆ ಹೋಗುವ ರಸ್ತೆಯಲ್ಲಿ ಸಿಪ್ಪಿಘಾಟ್ ಬಳಿ ಗಾಡಿ ನಿಲ್ಲಿಸಿ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಪೋರ್ಟ್ ಬ್ಲೇರ್ ಸುತ್ತಲಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ಉತ್ತರದ ಡಿಗ್ಲಿಪುರ ಕಡೆ ಮೇಲೆದ್ದಿತು. ಸಿಪ್ಪಿಘಾಟ್‌ನ ಗದ್ದೆಗಳ ಮೇಲೆ ಅಂದು ಬಂದ ಕಡಲು ಹಿಂದೆ ಹೋಗಲೇ ಇಲ್ಲ. ಪ್ರವಾಸದ ಕೈಪಿಡಿಗಳಲ್ಲಿ ಇದಕ್ಕೆ ಒಂದು ಸಾಲೂ ಇರುವುದಿಲ್ಲ. ನನ್ನ ಮಟ್ಟಿಗೆ, ಜನಜಂಗುಳಿಯ ನಾರ್ತ್ ಬೇಗಿಂತ ಇದನ್ನು ನೋಡುವುದು ಮೇಲು. ನಾರ್ತ್ ಬೇಯ ದೀಪಸ್ತಂಭದ ನೋಟ ಹಳೆಯ 20 ರೂಪಾಯಿ ನೋಟಿನ ಹಿಂಬದಿಯಲ್ಲೇ ಇದೆ.

ಆರನೆಯ ಹೆಜ್ಜೆ: ನೀರೊಳಗೆ ಇಣುಕುವುದು

ಸ್ವರಾಜ್ ದ್ವೀಪದ ಎಲಿಫೆಂಟ್ ತೀರದಲ್ಲಾಗಲಿ, ವಂಡೂರಿನಿಂದ ದೋಣಿಯಲ್ಲಿ ತಲುಪುವ ಜಾಲಿ ಬಾಯ್ ದ್ವೀಪದಲ್ಲಾಗಲಿ ಹವಳ ನೋಡುವುದಾದರೆ ಬೆಳಗಿನ ಮೊದಲ ದೋಣಿಯೇ ಸರಿ, ಮಧ್ಯಾಹ್ನದ ಹೊತ್ತಿಗೆ ನೂರಾರು ಕಾಲುಗಳು ಮರಳೆಬ್ಬಿಸಿರುತ್ತವೆ. ಜಾಲಿ ಬಾಯ್ 1983ರಲ್ಲಿ ಘೋಷಿಸಲಾದ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನದೊಳಗಿದೆ. ಪರವಾನಗಿ ಮುಂಚಿತವಾಗಿ ಬೇಕು, ಬಿಸಾಡುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ, ವರ್ಷವಿಡೀ ತೆರೆದಿರುವುದೂ ಇಲ್ಲ.

ಬಾಡಿಗೆಯ ಮಾಸ್ಕನ್ನು ಪರೀಕ್ಷಿಸದೆ ನೀರಿಗಿಳಿಯಬೇಡಿ. ಪಟ್ಟಿಯನ್ನು ತಲೆಗೆ ಹಾಕದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರನ್ನು ಒಳಗೆಳೆದು, ಕೈ ಬಿಡಿ. ಅದು ಮುಖಕ್ಕೆ ಅಂಟಿ ನಿಂತರೆ ನಿಮ್ಮ ಅಳತೆಯದು; ಬಿದ್ದರೆ ಪಟ್ಟಿಯನ್ನು ಎಷ್ಟು ಬಿಗಿದರೂ ನೀರು ಸೋರುತ್ತದೆ. ದಪ್ಪ ಮೀಸೆಯವರಿಗೆ ಸ್ವಲ್ಪ ಸೋರುವುದು ಅನಿವಾರ್ಯ. ಜೆಟ್ಟಿಯ ಬಳಿ ಮಾರುವ ಮೊಬೈಲಿನ ಪಾರದರ್ಶಕ ಚೀಲಗಳನ್ನು ಒಮ್ಮೆ ಒಳಗೆ ಕಾಗದದ ಚೂರು ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ನೋಡಿ, ಆಮೇಲೆ ಮೊಬೈಲ್ ಹಾಕಿ. ನಾನು ಈ ಬುದ್ಧಿಯನ್ನು ಒಂದು ಮೊಬೈಲ್ ಕಳೆದುಕೊಂಡ ಮೇಲೆ ಕಲಿತೆ. ಬೆನ್ನಿಗೆ ಬಿಸಿಲಿನ ಕ್ರೀಮು ಮೆತ್ತಿಕೊಳ್ಳುವುದಕ್ಕಿಂತ ಪೂರ್ಣ ತೋಳಿನ ಅಂಗಿ ಮೇಲು, ಹವಳಕ್ಕೂ ಅದೇ ಹಿತ.

ಏಳನೆಯ ಹೆಜ್ಜೆ: ಬಾರಾಟಾಂಗ್‌ಗೆ ಹೋಗಬೇಕೇ ಎಂದು ತೀರ್ಮಾನಿಸುವುದು

ಬಾರಾಟಾಂಗ್ ದ್ವೀಪದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ದೋಣಿ ಸಾಗುವ ಕಿರಿದಾದ ಕಾಲುವೆ ಬಲು ಸೊಗಸು, ಅದರ ಕೊನೆಗಿರುವ ಸುಣ್ಣಕಲ್ಲಿನ ಗುಹೆ ಪರವಾಗಿಲ್ಲ, ಕೆಸರಿನ ಜ್ವಾಲಾಮುಖಿ ನಿರಾಸೆ. ರಸ್ತೆಯ ಪ್ರವಾಸವಾದರೆ ನಸುಕಿಗೆ ಮೊದಲೇ ಹೊರಟು, ಜಿರ್ಕಾಟಾಂಗ್‌ನಲ್ಲಿ ಸರದಿ ನಿಂತು, ಕಾವಲಿನ ವಾಹನಗಳ ಸಾಲಿನಲ್ಲೇ ಜರಾವಾ ಜನರ ಮೀಸಲು ಕಾಡನ್ನು ದಾಟಬೇಕು. ಆ ದಾರಿಯಲ್ಲಿ ಗಾಡಿ ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ನಿಷಿದ್ಧ; ಈ ರಸ್ತೆಯ ಕೆಲವು ಭಾಗಗಳನ್ನು ಮುಚ್ಚುವಂತೆ 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿತ್ತು. ‘ದಾರಿಯಲ್ಲಿ ಬುಡಕಟ್ಟಿನವರು ಕಾಣಿಸುತ್ತಾರೆ’ ಎಂದು ಆಸೆ ಹುಟ್ಟಿಸುವ ಏಜೆಂಟರ ಬಳಿ ಬೇರೆ ಯಾವ ಪ್ರವಾಸವನ್ನೂ ಕೊಳ್ಳಬೇಡಿ. ಐದಾರು ದಿನಕ್ಕೆ ಹೋಗುವವರು ಬಾರಾಟಾಂಗನ್ನು ಬಿಟ್ಟುಬಿಟ್ಟು ಆ ದಿನವನ್ನು ಶಹೀದ್ ದ್ವೀಪಕ್ಕೆ ಕೊಡುವುದೇ ವಾಸಿ.

ಎಂಟನೆಯ ಹೆಜ್ಜೆ: ಹಡಗು ಮತ್ತು ವಾಪಸಾತಿ

ಪೋರ್ಟ್ ಬ್ಲೇರ್, ಸ್ವರಾಜ್, ಶಹೀದ್, ಮತ್ತೆ ಪೋರ್ಟ್ ಬ್ಲೇರ್ ಎಂಬ ಸುತ್ತಿನಲ್ಲಿ ಹಡಗಿನ ಟಿಕೆಟ್ ಕಾಯ್ದಿರಿಸಿದರೆ ಒಂದೇ ದಾರಿಯನ್ನು ಎರಡು ಸಲ ಸವೆಸುವುದು ತಪ್ಪುತ್ತದೆ. ವಾಂತಿಯ ಭಯವಿರುವವರು ವೈದ್ಯರು ಹೇಳಿದ ಮಾತ್ರೆಯನ್ನು ಹಡಗು ಹೊರಡುವುದಕ್ಕಿಂತ ಅರ್ಧ ಗಂಟೆಯಾದರೂ ಮೊದಲು ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿ ಫಲವಿಲ್ಲ. ಹಡಗಿನಿಂದ ಇಳಿದ ದಿನವೇ ವಿಮಾನ ಹತ್ತುವ ಯೋಜನೆ ಹಾಕಬೇಡಿ, ಗಾಳಿ ಎದ್ದು ಹಡಗು ರದ್ದಾದರೆ ವಿಮಾನದ ದುಡ್ಡೂ ಹೋಗುತ್ತದೆ. ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಮಲಗಿ. ಆ ರಾತ್ರಿ ಚೀಲಗಳನ್ನು ಬಿಚ್ಚಿ ಹವಳದ ತುಂಡುಗಳೇನಾದರೂ ಸೇರಿಕೊಂಡಿವೆಯೇ ಎಂದು ನೋಡಿ, ಏಕೆಂದರೆ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ ಮತ್ತು ವಿಮಾನ ನಿಲ್ದಾಣದ ಕ್ಷಕಿರಣ ಯಂತ್ರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮಕ್ಕಳ ಚಡ್ಡಿಯ ಜೇಬನ್ನು ಎರಡು ಸಲ ನೋಡಿ.