ದೈವಾರಾಧನಾ ವರ್ಷವನ್ನು ಮನೆಯಲ್ಲಿ ಆಚರಿಸುವ ಕ್ರಮ

ಮನೆಯಲ್ಲಿ ಯಾವ ದಿನ ಯಾವ ಸಂತರಿಗೆ ಪ್ರಾರ್ಥನೆ ಸಲ್ಲಿಸಬೇಕು ಎಂದು ಧರ್ಮೋಪದೇಶ ತರಗತಿಗೆ ಮಕ್ಕಳನ್ನು ಕರೆತರುವ ತಂದೆತಾಯಂದಿರು ನನ್ನನ್ನು ಆಗಾಗ ಕೇಳುತ್ತಾರೆ. ವರ್ಷದ ಹೆಚ್ಚುಕಡಿಮೆ ಪ್ರತಿ ದಿನವೂ ಒಬ್ಬರಲ್ಲ ಒಬ್ಬ ಸಂತರ ಸ್ಮರಣೆ ಇರುವುದರಿಂದ, ಎಲ್ಲವನ್ನೂ ಆಚರಿಸಲು ಹೊರಟ ಮನೆಗಳು ಕೆಲವೇ ವಾರಗಳಲ್ಲಿ ದಣಿದು ಎಲ್ಲವನ್ನೂ ಕೈಬಿಟ್ಟಿರುವುದನ್ನು ನೋಡಿದ್ದೇನೆ. ಮೊದಲು ಹಬ್ಬದ ಮತ್ತು ವ್ರತದ ಕಾಲಗಳನ್ನು ಗುರುತಿಸಿಕೊಳ್ಳಿ, ಆಮೇಲೆ ಸಂತರನ್ನು ಆರಿಸಿಕೊಳ್ಳಿ. ಯೇಸುಸ್ವಾಮಿಯ ಜನನ, ಮರಣ, ಪುನರುತ್ಥಾನಗಳ ಸುತ್ತಲೇ ಕಥೋಲಿಕ ಧರ್ಮಸಭೆಯ ಆರಾಧನಾ ವರ್ಷ ತಿರುಗುತ್ತದೆ. ಸಂತರ ದಿನಗಳಿಗೆ ಅರ್ಥ ಬರುವುದು ಆ ವರ್ತುಲದೊಳಗೇ.

ಧರ್ಮಕೇಂದ್ರದಿಂದ ಬಂದ ಕ್ಯಾಲೆಂಡರನ್ನು ಮೇಜಿನ ಮೇಲೆ ಹರಡಿಕೊಂಡು ಮೊದಲು ಯೇಸುವಿನ ಪುನರುತ್ಥಾನದ ಹಬ್ಬವಾದ ಪಾಸ್ಖಕ್ಕೆ (ಈಸ್ಟರ್) ಗುರುತು ಹಾಕಿ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆಯ ಮುಂದಿನ ಭಾನುವಾರವೇ ಪಾಸ್ಖ. 2027ರಲ್ಲಿ ಅದು ಮಾರ್ಚ್ 28. ಅಲ್ಲಿಂದ 46 ದಿನ (ಭಾನುವಾರಗಳನ್ನು ಬಿಟ್ಟರೆ ನಲವತ್ತು) ಹಿಂದಕ್ಕೆ ಎಣಿಸಿದರೆ ತಪಸ್ಸು ಕಾಲ ಆರಂಭವಾಗುವ ಬೂದಿ ಬುಧವಾರ, ಅಂದರೆ ಫೆಬ್ರವರಿ 10. ಪಾಸ್ಖವನ್ನೂ ಸೇರಿಸಿ ಐವತ್ತನೆಯ ದಿನ ಪವಿತ್ರಾತ್ಮರ ಆಗಮನದ ಹಬ್ಬವಾದ ಪೆಂತಕೋಸ್ತ್, ಅಂದರೆ ಮೇ 16. ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳು ಕ್ರಿಸ್ತನ ಬರವಿಗಾಗಿ ಕಾಯುವ ಆಗಮನ ಕಾಲದವು. ಈ ಗೆರೆಗಳನ್ನು ಎಳೆದ ಮೇಲೆ ಸಂತರ ಹೆಸರುಗಳನ್ನು ಬರೆಯಿರಿ, ಏಕೆಂದರೆ ಕಾಲವು ಕೆಲವೊಮ್ಮೆ ಹಬ್ಬವನ್ನೇ ಪಕ್ಕಕ್ಕೆ ಸರಿಸುತ್ತದೆ. ದೇವದೂತ ಮರಿಯಳಿಗೆ ಯೇಸುವಿನ ಜನನದ ಸುದ್ದಿ ತಂದದ್ದನ್ನು ನೆನೆಯುವ ಮಾರ್ಚ್ 25ರ ಮಂಗಳವಾರ್ತೆಯ ಹಬ್ಬವು 2027ರಲ್ಲಿ ಪಾಸ್ಖದ ಮುಂಚಿನ ಪವಿತ್ರ ಗುರುವಾರದಂದೇ ಬೀಳುವುದರಿಂದ ಏಪ್ರಿಲ್ 5ಕ್ಕೆ ಹೋಗುತ್ತದೆ.

ಆಗಮನ ಕಾಲಕ್ಕೆ ಹಸಿರೆಲೆಗಳ ಒಂದು ಬಳೆ ಮತ್ತು ನಾಲ್ಕು ಮೇಣದಬತ್ತಿಗಳು ಸಾಕು: ಮೂರು ನೇರಳೆ ಬಣ್ಣದವು, ಮೂರನೆಯ ಭಾನುವಾರಕ್ಕೆ ಒಂದು ಗುಲಾಬಿ ಬಣ್ಣದ್ದು. ಸಂತ ಫ್ರಾನ್ಸಿಸ್ ಅಸ್ಸಿಸಿಯವರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು ಕತ್ತೆಗಳೊಡನೆ ಕ್ರಿಸ್ತ ಜನನದ ದೃಶ್ಯವನ್ನು ಜನರ ಕಣ್ಣಮುಂದೆ ತಂದರು. ಗೋದಲಿ ಕಟ್ಟುವಾಗ ಈ ಸಂಗತಿಯನ್ನು ಮಕ್ಕಳಿಗೆ ಹೇಳಿ. ಬಾಲಯೇಸುವಿನ ಪ್ರತಿಮೆಯನ್ನು ಮಾತ್ರ ಡಿಸೆಂಬರ್ 24ರ ರಾತ್ರಿಯವರೆಗೆ ಇಡಬೇಡಿ. ಖಾಲಿ ಹುಲ್ಲನ್ನು ದಿನವೂ ಬಗ್ಗಿ ನೋಡುವ ಮಗುವಿಗೆ ಕಾಯುವುದೆಂದರೇನು ಎಂದು ಬೇರೆ ವಿವರಿಸಬೇಕಾಗುವುದಿಲ್ಲ.

ತಪಸ್ಸು ಕಾಲದಲ್ಲಿ ಸಂತರ ಸಾಮಾನ್ಯ ಸ್ಮರಣೆಗಳನ್ನು ಧರ್ಮಸಭೆಯೇ ಹಿನ್ನೆಲೆಗೆ ಸರಿಸುತ್ತದೆ, ಆದ್ದರಿಂದ ಮನೆಯಲ್ಲೂ ನವೇನಗಳನ್ನು, ಅಂದರೆ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ಪ್ರಾರ್ಥನೆಗಳನ್ನು, ಕಡಿಮೆ ಮಾಡಿ, ಯೇಸುವಿನ ಯಾತನೆಯನ್ನು ಹಂತಹಂತವಾಗಿ ಧ್ಯಾನಿಸುವ ಶುಕ್ರವಾರದ ಶಿಲುಬೆ ಹಾದಿಗೆ ಸಮಯ ಕೊಡಿ. ಹದಿನಾಲ್ಕು ಸ್ಥಳಗಳನ್ನೂ ಒಂದೇ ಸಂಜೆ ಮುಗಿಸಲು ಚಿಕ್ಕ ಮಕ್ಕಳಿಗೆ ಆಗದಿದ್ದರೆ ವಾರಕ್ಕೆ ಎರಡು ಮೂರರಂತೆ ಧ್ಯಾನಿಸಿದರೂ ಪವಿತ್ರ ವಾರದೊಳಗೆ ಪೂರ್ಣವಾಗುತ್ತದೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸದ ನಿಯಮ 18ರಿಂದ 59 ವರ್ಷದವರಿಗೆ, ಮಾಂಸತ್ಯಾಗ 14 ತುಂಬಿದವರಿಗೆ. ಕಾಯಿಲೆಯವರನ್ನೂ ಗರ್ಭಿಣಿಯರನ್ನೂ ಒತ್ತಾಯಿಸಬೇಡಿ. ಕಳೆದ ವರ್ಷ ಪಾಸ್ಖಕ್ಕೆ ಹಿಂದಿನ ಗರಿಗಳ ಭಾನುವಾರದಂದು ತಂದ ಗರಿಯನ್ನು ನಾವು ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತೇವೆ. ಹನ್ನೊಂದು ತಿಂಗಳಲ್ಲಿ ಅದು ಹುಲ್ಲಿನ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮುರಿಯುವಷ್ಟು ಒಣಗಿರುತ್ತದೆ. ಅದನ್ನು ಕಸಕ್ಕೆ ಹಾಕದೆ ಬೂದಿ ಬುಧವಾರಕ್ಕೆ ಮೊದಲೇ ದೇವಾಲಯಕ್ಕೆ ಒಪ್ಪಿಸಿ. ಹಣೆಗೆ ಹಚ್ಚುವ ಬೂದಿ ಅಂಥ ಗರಿಗಳಿಂದಲೇ ಆಗುತ್ತದೆ. ಈ ಕಾಲದ ನಡುವೆ ಮಾರ್ಚ್ 19ರಂದು ಸಂತ ಜೋಸೆಫರ ಮಹೋತ್ಸವ ಬರುತ್ತದೆ. ಅದು ಶುಕ್ರವಾರವಾದರೂ ಅಂದು ಈ ಕಾಲದ ಶುಕ್ರವಾರಗಳ ಮಾಂಸತ್ಯಾಗದ ಕಟ್ಟಳೆ ಇಲ್ಲ, ಮನೆಯಲ್ಲಿ ಸಂಭ್ರಮದ ಅಡುಗೆ ಮಾಡಬಹುದು.

ನಲವತ್ತು ದಿನ ವ್ರತ ಹಿಡಿದ ನಾವು ಪಾಸ್ಖದ ಐವತ್ತು ದಿನಗಳ ಸಂತೋಷವನ್ನು ಒಂದೇ ದಿನದಲ್ಲಿ ಮುಗಿಸಿಬಿಡುವುದು ನನಗೆ ಬಹಳ ನೋವು ಕೊಡುವ ಸಂಗತಿ. ಪೆಂತಕೋಸ್ತ್‌ವರೆಗೂ ಊಟದ ಪ್ರಾರ್ಥನೆಯ ಕೊನೆಗೆ ‘ಅಲ್ಲೆಲೂಯ’ ಸೇರಿಸಿ. ಮೇ ತಿಂಗಳ ಜಪಸರವನ್ನು (ಮಣಿಗಳನ್ನು ಎಣಿಸುತ್ತ ಹೇಳುವ ಪ್ರಾರ್ಥನೆ) ಮಾತೆ ಮರಿಯಳಿಗೆ ಅರ್ಪಿಸಿ. ಜೂನ್ ಯೇಸುವಿನ ಪವಿತ್ರ ಹೃದಯದ ತಿಂಗಳು.

ನವೇನದ ಲೆಕ್ಕದಲ್ಲಿ ತಪ್ಪುವವರು ಬಹಳ. ಒಂಬತ್ತನೆಯ ದಿನ ಹಬ್ಬದ ಹಿಂದಿನ ದಿನಕ್ಕೆ ಮುಗಿಯಬೇಕು. ಹೀಗಾಗಿ ಜೂನ್ 13ರ ಸಂತ ಅಂತೋಣಿಯವರ ಹಬ್ಬಕ್ಕೆ ಜೂನ್ 4ರಂದು, ಸೆಪ್ಟೆಂಬರ್ 8ರ ಕನ್ಯಾ ಮರಿಯಮ್ಮನವರ ಜನನೋತ್ಸವಕ್ಕೆ ಆಗಸ್ಟ್ 30ರಂದು ಆರಂಭಿಸಬೇಕು. ಈ ಜನನೋತ್ಸವವನ್ನೇ ಮೊಂತಿ ಹಬ್ಬವೆಂದು ಕರೆಯುವ ಮಂಗಳೂರು ಕಡೆಯ ಕ್ರಮವನ್ನು ಯಾವ ಊರಿನವರೂ ಅನುಸರಿಸಬಹುದು. ಮಕ್ಕಳು ದಿನವೂ ಅಂಗಳದಲ್ಲಿ ಸಿಕ್ಕ ಹೂಗಳನ್ನು ಬುಟ್ಟಿಯಲ್ಲಿ ತಂದು ಬಾಲಮರಿಯಳ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದಂದು ಗುರುಗಳು ಆಶೀರ್ವದಿಸಿ ಹಂಚಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳುಗಳನ್ನು ಸುಲಿದು ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಒಟ್ಟಿಗೆ ಸೇವಿಸುತ್ತಾರೆ, ಆಮೇಲೆ ಶಾಕಾಹಾರದ ಊಟ. ಅದೇ ದಿನ ಬೆಂಗಳೂರಿನ ಶಿವಾಜಿನಗರದಲ್ಲಿ ಆರೋಗ್ಯ ಮಾತೆಯ ತೇರು ಎಳೆಯುತ್ತಾರೆ. ಊರಿನ ಹಬ್ಬ ಧರ್ಮಸಭೆಯ ಪಂಚಾಂಗದ ದಿನಕ್ಕೇ ಬರಬೇಕೆಂದಿಲ್ಲ ಎಂಬುದನ್ನೂ ನೆನಪಿಡಿ: ಸಂತ ಲಾರೆನ್ಸರ ದಿನ ಆಗಸ್ಟ್ 10, ಆದರೆ ಕಾರ್ಕಳದ ಅತ್ತೂರಿನಲ್ಲಿ ಅವರ ವಾರ್ಷಿಕ ಮಹೋತ್ಸವ ಜನವರಿಯಲ್ಲಿ. ಅಂಥ ಕಡೆ ಎರಡೂ ದಿನಗಳಿಗೆ ಗುರುತು ಹಾಕಿ.

ಅಕ್ಟೋಬರ್ ಜಪಸರದ ತಿಂಗಳು, ನವೆಂಬರ್ ಮೃತರದ್ದು. ನವೆಂಬರ್ 1ರಿಂದ 8ರವರೆಗೆ ಯಾವುದಾದರೊಂದು ದಿನ ಸಮಾಧಿ ಭೂಮಿಗೆ ಹೋಗಿ, ಕಳೆ ಕಿತ್ತು, ಕಲ್ಲನ್ನು ತೊಳೆದು, ಮೇಣದಬತ್ತಿ ಹಚ್ಚಿ ಪ್ರಾರ್ಥಿಸಿ. ಹೋಗುವ ಮೊದಲು ನಿಮ್ಮ ಮನೆಯ ಮೃತರ ಹೆಸರುಗಳನ್ನು ಹಿರಿಯರಿಂದ ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಮತ್ತು ಅಲ್ಲಿ ಅದನ್ನು ಗಟ್ಟಿಯಾಗಿ ಓದುವ ಕೆಲಸವನ್ನು ಮನೆಯ ಅತಿ ಕಿರಿಯ ಮಗುವಿಗೆ ಕೊಡಿ.